ಮೇಷ್ಟರ ಎರಡನೆಯ ಗೆರೆ

ಸಕಲೇಶಪುರದ ಮೀನಿನಂಗಡಿಗೆ ಇಪ್ಪತ್ತೆರಡು ವರ್ಷ ತಪ್ಪದೆ ಹೋಗಿ, ಒಂದೇ ಒಂದು ಮೀನನ್ನೂ ಕೊಳ್ಳದೆ ವಾಪಸು ಬಂದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನಮ್ಮ ಬಯೋಕೆಮಿಸ್ಟ್ರಿ ಮೇಷ್ಟ್ರು! ನಂಬಿಕೆ ಬರುವುದಿಲ್ಲವೇ? ಅಂಗಡಿಯವನನ್ನೇ ಕೇಳಿ ನೋಡಿ. "ಸಾರಾ? ಬಂಗುಡೆ ಯಾವ್ದು, ಬೂತಾಯಿ ಯಾವ್ದು ಅಂತಾನೂ ಗೊತ್ತಿಲ್ಲ ಅವ್ರಿಗೆ. ಐಸ್ ಕೊಡಪ್ಪ ಅಂತಾರೆ, ಡಬ್ಬಿಗೆ ತುಂಬ್ಕಂಡು ಮೂಗು ಮುಚ್ಕಂಡು ಹೋಯ್ತಾರೆ" ಎನ್ನುತ್ತಾನೆ.

ಹುಟ್ಟಾ ಸಸ್ಯಾಹಾರಿ ಮನುಷ್ಯ ವಾರವಾರ ಮೀನಿನಂಗಡಿಯ ಮುಂದೆ ನಿಂತರೆ ಊರು ಸುಮ್ಮನಿರುತ್ತದೆಯೇ? ಮೇಷ್ಟ್ರು ಕದ್ದು ಮೀನು ತಿನ್ನುತ್ತಾರೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ, ಕೊನೆಗೆ ಅವರ ಹೆಂಡತಿಯ ಕಿವಿಗೂ ಬಿತ್ತಂತೆ. ಆಕೆ ನೇರವಾಗಿ ಲ್ಯಾಬಿಗೇ ನಡೆದರಂತೆ. ಮೇಷ್ಟ್ರು ಐಸಿನೊಳಗಿಂದ ಒಂದು ಟ್ಯೂಬು ಎತ್ತಿ ಹಿಡಿದು, "ಇದಕ್ಕೋಸ್ಕರ ಕಣೆ" ಎಂದರಂತೆ. ಆಕೆ ಬಗ್ಗಿ ನೋಡಿ, ಮೂಸಿ, "ಮೀನಾಗಿದ್ರೆ ಯಾರ ಹೊಟ್ಟೆಗಾದ್ರೂ ಆಗ್ತಿತ್ತು. ಇದನ್ನ ಏನ್ ಮಾಡ್ತೀರಿ?" ಎಂದು ಕೇಳಿದರಂತೆ. ಮೇಷ್ಟ್ರು ಟ್ಯೂಬನ್ನು ಜೋಪಾನವಾಗಿ ಮತ್ತೆ ಐಸಿನೊಳಗೆ ಇಳಿಸಿದರಂತೆ.

ಆ ಟ್ಯೂಬಿನಲ್ಲಿದ್ದದ್ದು ಅತ್ತಿಮರದ ಸೊನೆ. ಅತ್ತಿಕಾಯಿ ಕಿತ್ತರೆ ತೊಟ್ಟಿನಲ್ಲಿ ಹಾಲಿನಂಥದ್ದು ಜಿನುಗುತ್ತದಲ್ಲ, ಅದು. ಅದರ ನಾಲ್ಕು ಹನಿ ಹಾಲಿಗೆ ಬಿದ್ದರೆ ಹಾಲು ನೋಡನೋಡುತ್ತಲೇ ಒಡೆದು ಗಡ್ಡೆ ಕಟ್ಟುತ್ತದೆ. ಹಾಗೆ ಮಾಡುವುದು ಸೊನೆಯೊಳಗಿನ ಒಂದು ಕಿಣ್ವ. ಆದರೆ ಸೊನೆಯಲ್ಲಿ ಅದೊಂದೇ ಇರುವುದಿಲ್ಲ, ಹತ್ತಾರು ಪ್ರೋಟೀನುಗಳ ಸಂತೆಯೇ ನೆರೆದಿರುತ್ತದೆ. ಆ ಸಂತೆಯಿಂದ ನಮ್ಮ ಕಿಣ್ವವೊಂದನ್ನೇ ಕೈಹಿಡಿದು ಆಚೆ ಕರೆತರಬೇಕು. ಆಮೇಲೆ ಅದಕ್ಕೆ ಎಷ್ಟು ಬಿಸಿ ಹಿತ, ಎಷ್ಟು ಹುಳಿ ಹಿತ ಎಂದು ಒಂದೊಂದಾಗಿ ಪರೀಕ್ಷೆ ಮಾಡಬೇಕು. ಬಿ.ಎಸ್ಸಿ. ಕೊನೆಯ ವರ್ಷದವರ ಪ್ರಾಜೆಕ್ಟು ಇಷ್ಟೇ. ವರ್ಷ ವರ್ಷವೂ ಅದೇ ಮರ, ಅದೇ ಸೊನೆ, ಅದೇ ಕಿಣ್ವ.

ಕಿಣ್ವ ಶುದ್ಧವಾಯಿತೋ ಇಲ್ಲವೋ ಎಂದು ತಿಳಿಯಲು ಕಟ್ಟಕಡೆಗೆ ಒಂದು ಪರೀಕ್ಷೆಯಿದೆ. ತೆಳ್ಳನೆಯ ಜೆಲ್ಲಿನ ಹಾಳೆಯೊಳಗೆ ಅದನ್ನು ಬಿಟ್ಟು ಕರೆಂಟು ಹಾಯಿಸುತ್ತಾರೆ, ನೀಲಿ ಬಣ್ಣದಲ್ಲಿ ಅದ್ದುತ್ತಾರೆ. ಒಂದೊಂದು ಪ್ರೋಟೀನೂ ಒಂದೊಂದು ನೀಲಿ ಗೆರೆಯಾಗಿ ನಿಲ್ಲುತ್ತದೆ. ಒಂದೇ ಗೆರೆ ಬಂದರೆ ಶುದ್ಧ. ನಮ್ಮ ಮೇಷ್ಟರಿಗೆ ಇಪ್ಪತ್ತೆರಡು ವರ್ಷವೂ ಬಂದದ್ದು ಎರಡು! ಒಂದರ ಕೆಳಗೊಂದು, ಬೇಕಂತಲೇ ನಿಂತ ಹಾಗೆ.

ಯಸಳೂರಿನ ಸುಜಾತ ಮತ್ತು ಮಗ್ಗೆಯ ನಾನು ಅವರ ಕೊನೆಯ ವರ್ಷದ ಜೋಡಿ. ಜನವರಿ ಕೊನೆಗೆ ಅವರಿಗೆ ನಿವೃತ್ತಿ. ಮೊದಲ ದಿನವೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ನಂಗೆ ಬೇರೇನೂ ಬ್ಯಾಡ ಕಣ್ರಮ್ಮ. ಹಾರ ಬ್ಯಾಡ, ಶಾಲು ಬ್ಯಾಡ. ಒಂದೇ ಗೆರೆ ನೋಡ್ಬುಟ್ಟು ಮನೆಗೆ ಹೋಗ್ತೀನಿ." ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು. ಹಬ್ಬಕ್ಕೆ ಹೊಸ ಬಟ್ಟೆ ಕೇಳುವ ಮಕ್ಕಳ ಮುಖ!

ಕಿಣ್ವಕ್ಕೆ ಬಿಸಿ ತಾಗಬಾರದು. ದೊಡ್ಡ ಊರಿನ ಲ್ಯಾಬುಗಳಲ್ಲಿ ಅದಕ್ಕೆಂದೇ ಕೋಲ್ಡ್ ರೂಮ್ ಇರುತ್ತದೆ. ನಮ್ಮ ಕಾಲೇಜಿನಲ್ಲಿ ಎಲ್ಲಿಂದ ಬರಬೇಕು? ಮೇಷ್ಟ್ರು ತಲೆ ಕೆಡಿಸಿಕೊಂಡವರೇ ಅಲ್ಲ. ಡಿಸೆಂಬರ್ ಬರುತ್ತಲೇ ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು, "ನೋಡಿ, ದೇವರೇ ಕಟ್ಟಿಸಿಕೊಟ್ಟ ಕೋಲ್ಡ್ ರೂಮ್!" ಎನ್ನುತ್ತಿದ್ದರು. ಹೇಮಾವತಿಯ ಮೇಲಿನ ಮಂಜು ನೇರವಾಗಿ ಒಳಗೆ ಬಂದು ನಮ್ಮ ಪಕ್ಕದಲ್ಲೇ ಕೂರುತ್ತಿತ್ತು. ನಾವಿಬ್ಬರೂ ಹಾಸ್ಟೆಲ್ಲಿನ ಕಂಬಳಿ ಹೊದ್ದುಕೊಂಡೇ ಪಿಪೆಟ್ ಹಿಡಿಯುತ್ತಿದ್ದೆವು. ಒಂದು ದಿನ ಸುಜಾತ ಮೂಗು ಎಳೆದುಕೊಳ್ಳುತ್ತಾ, "ಸರ್, ನೆಗಡಿ ಆಗ್ಬುಟ್ಟೈತೆ" ಎಂದಳು. "ನಿಂಗೆ ನೆಗಡಿ ಆದ್ರೆ ಮಾತ್ರೆ ಐತೆ ಕಣಮ್ಮ. ಇದಕ್ಕೆ ಬಿಸಿ ಆದ್ರೆ ಏನೈತೆ?" ಎಂದು ಕಿಟಕಿಯನ್ನು ಇನ್ನಷ್ಟು ತೆರೆದರು. ಆಗ ಮನಸ್ಸಿನಲ್ಲೇ ಎಷ್ಟು ಬೈದುಕೊಂಡೆನೋ! ಈಗ ಆ ಚಳಿ ಬೇಕು ಅನ್ನಿಸುತ್ತದೆ. ಎಲ್ಲಿ ಸಿಗುತ್ತದೆ ಹೇಳಿ?

ಅವರ ಅತ್ತಿಮರ ಇದ್ದದ್ದು ಊರಾಚೆ, ಹೊಳೆಯ ದಂಡೆಯಲ್ಲಿ. ಮರದ ಬುಡದಲ್ಲಿ ಚೌಡಮ್ಮನ ಕಲ್ಲು. ಪಕ್ಕದಲ್ಲಿ ಒಂದು ಅಜ್ಜಿಯ ಮನೆ, ಅಜ್ಜಿಯ ಹಟ್ಟಿಯಲ್ಲಿ ಒಂದು ಹಸು. ಮೇಷ್ಟ್ರು ಮೊದಲ ಸಲ ಕತ್ತಿ ಹಿಡಿದು ಹೋದಾಗ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿತಂತೆ. "ಚೌಡಮ್ಮುಂಗೆ ಎಲೆ ಅಡಿಕೆ ಇಡ್ದೆ ಮರ ಮುಟ್ಟಿದ್ರೆ ಕೈ ಸೇದೋಯ್ತದೆ ನೋಡಿ ಮೇಷ್ಟ್ರೇ!" ಮಾರನೆಯ ವಾರ ಮೇಷ್ಟ್ರು ಎಲೆ ಅಡಿಕೆ ಕಟ್ಟಿಸಿಕೊಂಡೇ ಹೋದರು. ಅವತ್ತಿನಿಂದ ಅದೇ ರೂಢಿ. ನನಗೆ ತಡೆಯಲಿಲ್ಲ. "ಸರ್, ನೀವು ಸೈನ್ಸ್ ಮೇಷ್ಟ್ರು!" ಎಂದೆ.

"ಅದಕ್ಕೇ ಕಣಮ್ಮ" ಎಂದು ತಮ್ಮ ಹಳೆಯ ನೋಟ್‌ಬುಕ್ ತೆಗೆದು ತೋರಿಸಿದರು. ಒಂದು ಕಡೆ ಎಲೆ ಅಡಿಕೆ ಇಟ್ಟ ದಿನಗಳು, ಇನ್ನೊಂದು ಕಡೆ ಅಜ್ಜಿ ಊರಲ್ಲಿಲ್ಲವೆಂದು ಇಡದೆ ಬಂದ ದಿನಗಳು! ಯಾವ ದಿನ ಎಷ್ಟು ಸೊನೆ ಇಳಿಯಿತು ಎಂದು ಸಾಲು ಸಾಲಾಗಿ ಬರೆದಿಟ್ಟಿದ್ದರು. ಇಟ್ಟ ದಿನ ಸೊನೆ ನಿಜವಾಗಿಯೂ ಜಾಸ್ತಿ. ನಮಗೆ ಮೈ ಜುಮ್ಮೆಂದಿತು. "ಹಂಗಾದ್ರೆ ಚೌಡಮ್ಮ ಇರೋದು ನಿಜಾನಾ ಸರ್?" ಎಂದಳು ಸುಜಾತ.

"ಅದು ನಂಗೊತ್ತಿಲ್ಲ. ಎಲೆ ಅಡಿಕೆ ಇಟ್ಟ ದಿನ ಅಜ್ಜಿ ಏಣಿ ಕೊಡ್ತದೆ. ಮೇಲಿನ್ ಕೊಂಬೆಗೆ ಕೈ ಸಿಗ್ತದೆ" ಎಂದರು ಮೇಷ್ಟ್ರು.

ಅಜ್ಜಿಯ ಹಸುವಿಗೂ ಇವರಿಂದ ನೆಮ್ಮದಿಯಿರಲಿಲ್ಲ. ಕಿಣ್ವದ ಶಕ್ತಿ ಅಳೆಯುವುದು ಹಾಲು ಒಡೆಯುವ ವೇಗದಿಂದ ತಾನೇ? ಪ್ಯಾಕೆಟ್ ಹಾಲು ದಿನಕ್ಕೊಂದು ಥರ ಇರುತ್ತದೆಂದು, ಪ್ರತಿ ಪರೀಕ್ಷೆಗೂ ಆ ಒಂದೇ ಹಸುವಿನ ಹಾಲೇ ಆಗಬೇಕು! ಹಾಲಿನ ತಂಬಿಗೆ ಕೈಗೆ ಬರುವ ಮೊದಲು ವಿಚಾರಣೆ. "ಅಜ್ಜಿ, ನಿನ್ನೆ ಏನ್ ತಿಂತು ಇದು?"

"ಹುಲ್ಲು ಕಣ್ ಮೇಷ್ಟ್ರೇ! ಇನ್ನೇನು, ಓಟ್ಲಿಗೋಗಿ ಮಸಾಲೆ ದೋಸೆ ತಿಂದ್ ಬತ್ತದಾ?"

ಮೇಷ್ಟ್ರು ಗಂಭೀರವಾಗಿ "ಹುಲ್ಲು" ಎಂದು ಬರೆದುಕೊಳ್ಳುತ್ತಿದ್ದರು. ಆ ಹಾಲನ್ನು ಟ್ಯೂಬುಗಳಿಗೆ ಹಾಕಿ, ಒಂದನ್ನು ಉಗುರುಬೆಚ್ಚಗೆ, ಒಂದನ್ನು ಇನ್ನೂ ಬಿಸಿ, ಹೀಗೆ ಸಾಲಾಗಿ ಇಟ್ಟು, ನಾವು ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದೆವು. ಹಾಲು ಒಡೆಯುವ ಕ್ಷಣ ಟ್ಯೂಬಿನ ಗೋಡೆಯ ಮೇಲೆ ಸಣ್ಣ ಸಣ್ಣ ಬಿಳಿ ಚೂರು ಕಾಣಿಸುತ್ತವೆ. ಆ ಚೂರು ಕಂಡಾಗ "ಬಂತು!" ಎಂದು ಕೂಗಬೇಕು. ಇಪ್ಪತ್ತೆರಡು ವರ್ಷ ನೋಡಿದ ಮನುಷ್ಯ, ಪ್ರತಿ ಸಲವೂ ನಮಗಿಂತ ಮೊದಲು, ನಮಗಿಂತ ಜೋರಾಗಿ ಕೂಗುತ್ತಿದ್ದರು. ಪಕ್ಕದ ಕನ್ನಡ ಕ್ಲಾಸಿನವರು ಬಸ್ಸು ಬಂತೆಂದು ಎರಡು ಸಲ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಿದ್ದರಂತೆ.

ಇನ್ನು ಅವರ ಮಗಳ ನಿಶ್ಚಿತಾರ್ಥ! ಆಲೂರಿನ ಛತ್ರದಲ್ಲಿ. ಸೊನೆ ಇಳಿಸಿದ ದಿನವೇ ಅದಕ್ಕೆ ಅಮೋನಿಯಂ ಸಲ್ಫೇಟ್ ಎಂಬ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ನಿಧಾನಕ್ಕೆ ಕದಡಬೇಕು, ಆಗ ಪ್ರೋಟೀನು ತಳಕ್ಕೆ ಕೂರುತ್ತದೆ. ಮೇಷ್ಟ್ರು ಮಗಳ ನಿಶ್ಚಿತಾರ್ಥದ ದಿನವೇ ಸೊನೆ ಇಳಿಸಿದ್ದರು! ಮರೆತಿದ್ದರೋ, ಮರೆತಂತೆ ಮಾಡಿದ್ದರೋ, ಯಾರಿಗೆ ಗೊತ್ತು? ನಾವು ಊಟಕ್ಕೆಂದು ಹೋದರೆ, ರೇಷ್ಮೆ ಪಂಚೆಯುಟ್ಟ ಹುಡುಗಿಯ ಅಪ್ಪ ಛತ್ರದ ಮೂಲೆಯಲ್ಲಿ ಐಸಿನ ಬಕೆಟ್ಟಿನೊಳಗೆ ಬೀಕರ್ ಇಟ್ಟುಕೊಂಡು ಗಾಜಿನ ಕಡ್ಡಿ ತಿರುಗಿಸುತ್ತಾ ಕೂತಿದ್ದಾರೆ. ಬೀಕರಿನಲ್ಲಿ ಬೆಳ್ಳಗೆ, ತಣ್ಣಗೆ ಏನೋ ಇದೆ. ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ಕಂಡು ಲೋಟ ಚಾಚಿದರು. "ಮಜ್ಜಿಗೆ ಒಂದಿಷ್ಟು ಬಿಡಿ ಸ್ವಾಮಿ."

ಮೇಷ್ಟ್ರು ಬೀಕರನ್ನು ಎದೆಗವಚಿಕೊಂಡು, "ಇದು ಕೊಡೋಕಾಗಲ್ಲ!" ಎಂದರು. ಮಜ್ಜಿಗೆ ಕೊಡದ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ಹಿರಿಯರು ಎದ್ದೇಬಿಟ್ಟರು. ಮೇಷ್ಟರ ಹೆಂಡತಿ ಬೀಗಿತ್ತಿಯರ ಕೈಕಾಲು ಹಿಡಿದು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಹುಡುಗಿಯೇ ಎದ್ದು ಬಂದು ಅಪ್ಪನ ಕೈಯಿಂದ ಕಡ್ಡಿ ತೆಗೆದುಕೊಂಡು, "ನೀವು ಹೋಗಿ ತಾಂಬೂಲ ಬದಲಾಯಿಸ್ಕೊಳ್ಳಿ ಅಪ್ಪಾಜಿ, ನಾನು ತಿರುಗಿಸ್ತಿರ್ತೀನಿ" ಎಂದಳು. ನಿಶ್ಚಿತಾರ್ಥ ನಡೆಯಿತು. ಆ ಸಲವೂ ಬಂದದ್ದು ಎರಡು ಗೆರೆ ಎಂದು ಬೇರೆ ಹೇಳಬೇಕೇ?

ಡಿಸೆಂಬರ್ ಕೊನೆಯ ವಾರ ಇಳಿಸಿದ ಸೊನೆ ಮಾತ್ರ ಹಿಂದೆಂದೂ ಇಳಿಯದಷ್ಟು. ಮೇಷ್ಟ್ರು ಈ ಸಲ ಹೊಸದೊಂದು ಉಪಾಯ ಹೂಡಿದ್ದರು. ಕಿಣ್ವವನ್ನು ಒಂದಾದ ಮೇಲೊಂದು ಎರಡು ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಸೋಸುವುದು, ಎರಡನೆಯ ಗೆರೆಯವನನ್ನು ಅಲ್ಲೇ ಹಿಡಿದು ನಿಲ್ಲಿಸುವುದು. ಅದಕ್ಕೆ ಸೊನೆ ಬಹಳ ಬೇಕು, ಬಹಳವೇ ಸಿಕ್ಕಿತ್ತು. "ಈ ಸಲ ಬಿಡಲ್ಲ ಅವನ್ನ" ಎಂದು ಎರಡನೆಯ ಗೆರೆಯನ್ನು ಬೇಲಿ ಒತ್ತುವರಿ ಮಾಡಿದ ಪಕ್ಕದ ತೋಟದವನನ್ನು ಬೈದಂತೆ ಬೈಯುತ್ತಿದ್ದರು.

ಸೋಸುವ ಮೊದಲು ಹಾಕಿದ ಉಪ್ಪನ್ನು ತೆಗೆಯಬೇಕು. ಕಿಣ್ವವನ್ನು ತೆಳ್ಳನೆಯ ಪೊರೆಯ ಚೀಲಕ್ಕೆ ತುಂಬಿ, ಎರಡೂ ತುದಿ ಕಟ್ಟಿ, ದೊಡ್ಡ ಬೀಕರಿನ ನೀರಿಗೆ ಇಳಿಬಿಟ್ಟರೆ ಉಪ್ಪು ತಾನಾಗಿ ಹೊರಗೆ ಹೋಗುತ್ತದೆ, ಕಿಣ್ವ ಒಳಗೇ ಉಳಿಯುತ್ತದೆ. ಆ ಕೆಲಸವನ್ನು ನಮಗೆ ಒಪ್ಪಿಸಿ ಮೇಷ್ಟ್ರು ಪೆನ್ಷನ್ ಕಾಗದಗಳಿಗೆ ಸಹಿ ಹಾಕಲು ಆಫೀಸಿಗೆ ಹೋದರು. ನೋಡಿದರೆ ಕಟ್ಟುವ ದಾರ ಮುಗಿದಿದೆ! ಅಂಗಡಿಗೆ ಓಡಿ ದಾರ ತರುವಷ್ಟು ಬುದ್ಧಿ ಇರಬೇಡವೇ ನಮಗೆ? ಇರಲಿಲ್ಲ. ಸುಜಾತ ಹಾಸ್ಟೆಲ್ ಹಿಂದಿನ ಬಾಳೆಯಿಂದ ಹಸಿ ನಾರು ಸೀಳಿ ತಂದಳು. ಕಾಕಡ ಹೂವಿನ ದಂಡೆ ಕಟ್ಟಿ ಪಳಗಿದ ಕೈ, ಎರಡು ನಿಮಿಷದಲ್ಲಿ ಚೀಲದ ಎರಡೂ ತುದಿ ಬಿಗಿಯಾಯಿತು. ಒಂದು ಹನಿ ಸೋರಲಿಲ್ಲ. "ಹೆಂಗೆ?" ಎಂದಳು. "ಸೂಪರ್ ಕಣೇ" ಎಂದೆ ನಾನು.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಬೀಕರಿನ ನೀರು ಟೀ ಡಿಕಾಕ್ಷನ್ ಆಗಿತ್ತು. ಚೀಲದೊಳಗಿನ ಕಿಣ್ವ ಕಂದುಬಣ್ಣಕ್ಕೆ ತಿರುಗಿ ಮಡ್ಡಿ ಕಟ್ಟಿತ್ತು. ಬಾಳೆಯ ಕರೆ ಬಟ್ಟೆಗೆ ತಗುಲಿದರೆ ಜನ್ಮದಲ್ಲಿ ಹೋಗುವುದಿಲ್ಲವೆಂದು ಮಗ್ಗೆಯಲ್ಲಿ ಎಳೆಮಗುವಿಗೂ ಗೊತ್ತು. ಕಿಣ್ವಕ್ಕೆ ತಗುಲಿದರೆ ಏನಾದೀತೆಂದು ಬಿ.ಎಸ್ಸಿ. ಓದುವ ನಮಗೆ ಹೊಳೆಯಲಿಲ್ಲ! ಹಾಲಿಗೆ ನಾಲ್ಕು ಹನಿ ಬಿಟ್ಟು ನೋಡಿದೆವು. ಅರ್ಧ ಗಂಟೆ ಕಾದರೂ ಹಾಲು ಹಾಲಾಗಿಯೇ ಇತ್ತು. ಯಾರೂ "ಬಂತು" ಎನ್ನಲಿಲ್ಲ.

ಮೇಷ್ಟ್ರು ಬೈಯುತ್ತಾರೆಂದು ಕಾದೆವು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸ್ಟೂಲಿನ ಮೇಲೆ ಕೂತರು, ಚೀಲವನ್ನು ಬೆಳಕಿಗೆ ಹಿಡಿದರು. ಆಮೇಲೆ ಸುಜಾತಳ ಕಡೆ ತಿರುಗಿ, "ಗಂಟು ಮಾತ್ರ ಭಾರಿ ಚೆಂದಾಗಿ ಹಾಕಿದೀಯ ಕಣಮ್ಮ" ಎಂದರು. ಅಷ್ಟೇ. ಎದ್ದು ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು.

ಉಳಿದದ್ದು ಒಂದೇ ತಿಂಗಳು. ಮರದಲ್ಲೂ ಸೊನೆ ಕಡಿಮೆಯಾಗುತ್ತಾ ಬಂದಿತ್ತು. ಅಜ್ಜಿಯ ಏಣಿ ಹಾಕಿ, ತುತ್ತತುದಿಯ ಕೊಂಬೆಗಳಿಂದ ಬೊಗಸೆಯಷ್ಟು ಹೊಂದಿಸಿದೆವು. ಎರಡು ಕೊಳವೆಯ ಉಪಾಯಕ್ಕೆ ಅದು ಸಾಲದು. ಹಳೆಯ ದಾರಿಯಲ್ಲೇ ಎಲ್ಲ ಮುಗಿಸಿದೆವು. ಬೀಳ್ಕೊಡುಗೆಯ ಹಿಂದಿನ ದಿನ ಬೆಳಿಗ್ಗೆ ಜೆಲ್ ಓಡಿಸಿದವರು ನಾವಿಬ್ಬರೇ. ಮೇಷ್ಟ್ರು ಚಾರ್ಜು ಒಪ್ಪಿಸುವ ಗಡಿಬಿಡಿಯಲ್ಲಿ ಆಫೀಸಿನಿಂದ ಆಚೆಗೇ ಬಂದಿರಲಿಲ್ಲ. ನೀಲಿ ಬಣ್ಣ ತೊಳೆದು ಎತ್ತಿ ನೋಡಿದರೆ, ಎರಡು.

ಸುಜಾತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನನ್ನಿಂದ ಕಣೇ. ಆ ನಾರು ಕಟ್ಟದೇ ಇದ್ದಿದ್ರೆ..." ಎಂದು ಅಳುವುದಕ್ಕೆ ಶುರು ಮಾಡಿದಳು. ಅವಳನ್ನು ಹೇಗೆ ಸುಮ್ಮನಾಗಿಸುವುದೆಂದು ಸುತ್ತ ನೋಡಿದೆ. ಐಸ್ ಕಟ್ಟದ ನಮ್ಮ ಹಳೆಯ ಫ್ರಿಜ್ಜಿನಲ್ಲಿ ಒಂದು ಸೀಸೆ ಕಣ್ಣಿಗೆ ಬಿತ್ತು. ಕಂಪನಿಯವರೇ ಶುದ್ಧ ಮಾಡಿ ಕಳಿಸುವ ಕೋಳಿಮೊಟ್ಟೆಯ ಆಲ್ಬುಮಿನ್ ಎಂಬ ಪ್ರೋಟೀನು, ಜೂನಿಯರ್‌ಗಳ ಪ್ರಾಕ್ಟಿಕಲ್ಸಿಗೆ ತರಿಸಿದ್ದು. ಜೆಲ್ಲಿನಲ್ಲಿ ಅದು ನಿಲ್ಲುವುದು ಹೆಚ್ಚೂಕಡಿಮೆ ನಮ್ಮ ಕಿಣ್ವ ನಿಲ್ಲುವ ಜಾಗದಲ್ಲೇ. ನಿಲ್ಲುವುದು ಒಂದೇ ಗೆರೆ.

ಹೌದು, ಮಾಡಿದೆವು. ಇಪ್ಪತ್ತೆರಡು ವರ್ಷ ಅತ್ತಿಮರ ನಂಬಿದ ಸಸ್ಯಾಹಾರಿ ಮೇಷ್ಟರಿಗೆಂದು ಇನ್ನೊಂದು ಜೆಲ್ ಮಾಡಿ ಅದಕ್ಕೆ ಮೊಟ್ಟೆ ಹಾಕಿದೆವು! ನಿಜವಾದ ಜೆಲ್ಲನ್ನು ತಟ್ಟೆಯಲ್ಲಿಟ್ಟು ಪೇಪರು ಮುಚ್ಚಿ ಸಿಂಕಿನ ಕೆಳಗೆ ತಳ್ಳಿದೆವು. ರೆಕಾರ್ಡಿನಲ್ಲಿ "ಫಲಿತಾಂಶ: ಒಂದೇ ಗೆರೆ" ಎಂದು ನಾನೇ ಬರೆದೆ. ಕೈ ನಡುಗಿತು ಎಂದರೆ ಸುಳ್ಳಾಗುತ್ತದೆ, ಬಹಳ ಅಂದವಾಗಿಯೇ ಬರೆದೆ.

ಸಂಜೆ ನಾಲ್ಕಕ್ಕೆ ಮೇಷ್ಟ್ರು ಬಂದರು. ಜೆಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನೋಡಿದರು. ನಮ್ಮನ್ನು ನೋಡಿದರು. ಮತ್ತೆ ಜೆಲ್ ನೋಡಿದರು. ಆಮೇಲೆ ಇಡೀ ಕಾಲೇಜಿಗೆ ಕೇಳುವಂತೆ ಕೂಗಿದರು, "ಬಂತು!"

ಮಾರನೆಯ ದಿನ ಬೀಳ್ಕೊಡುಗೆ. ವೇದಿಕೆಯ ಮೇಲೆ ಪ್ರಿನ್ಸಿಪಾಲರಿಗೆ ತೋರಿಸಿದರು, ಹೆಂಡತಿಗೆ ತೋರಿಸಿದರು, ತಾಂಬೂಲದ ದಿನ ಕಡ್ಡಿ ತಿರುಗಿಸಿದ ಮಗಳಿಗೆ, ಅಳಿಯನಿಗೆ, ಕೊನೆಗೆ ಮೈಕ್ ಸೆಟ್ಟಿನವನಿಗೂ ತೋರಿಸಿದರು. "ನನ್ನ ಮಕ್ಕಳು ಮಾಡಿದ್ದು" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಸುಜಾತಳೂ ಎಲ್ಲರಿಗಿಂತ ಜೋರಾಗಿ ಹೊಡೆದೆವು. ಒಂದು ಸುಳ್ಳಿನಿಂದ ಇಷ್ಟು ಸಂತೋಷವಾಗುವುದಾದರೆ ತಪ್ಪೇನು ಎಂದುಕೊಂಡೆವು.

ಅದರ ಮರುದಿನ ರೆಕಾರ್ಡ್ ತೆಗೆದುಕೊಳ್ಳಲು ಲ್ಯಾಬಿಗೆ ಹೋದೆವು. ಮೇಷ್ಟ್ರು ತಮ್ಮ ನೋಟ್‌ಬುಕ್ಕುಗಳನ್ನು ಹಗ್ಗ ಹಾಕಿ ಕಟ್ಟುತ್ತಿದ್ದರು. ನಾನು ಕೊನೆಯ ಪುಟ ತೆರೆದೆ. "ಒಂದೇ" ಎಂಬುದರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಅವರ ಗುಂಡನೆಯ ಅಕ್ಷರದಲ್ಲಿ, "ಎರಡು". ಕೆಳಗೆ ಪೂರ್ತಿ ಅಂಕ, ಸಹಿ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸಿಂಕಿನ್ ಕೆಳಗೆ ಸಿಕ್ತು ಕಣಮ್ಮ, ನಮ್ ಎರಡ್ ಗೆರೆ ಜೆಲ್ಲು" ಎಂದರು ಮೇಷ್ಟ್ರು, ತಲೆಯೆತ್ತದೆ. "ಸಿಗದೇ ಇದ್ರೂ ಗೊತ್ತಾಗ್ತಿತ್ತು. ಇಪ್ಪತ್ತೆರಡು ವರ್ಷ ನೋಡಿದ್ದೀನಿ. ಅತ್ತಿಮರ ಮೊಟ್ಟೆ ಇಡೋಕೆ ಶುರು ಮಾಡಿದ್ದು ಯಾವಾಗಿಂದ?"

ನನಗೆ ನಗು ಬರಲಿಲ್ಲ. "ತಪ್ಪಾಯ್ತು ಸರ್" ಎಂದೆ.

"ನನ್ ಹತ್ರ ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ. ರೆಕಾರ್ಡ್ ಹತ್ರ ಹೇಳ್ಬಾರ್ದು. ನಾಳೆ ಇನ್ಯಾರೋ ಓದ್ತಾರೆ ಅದನ್ನ."

"ಗೊತ್ತಿದ್ದೂ ಮತ್ಯಾಕೆ ಸರ್ ಎಲ್ಲರಿಗೂ ತೋರಿಸಿದ್ರಿ?" ಎಂದಳು ಸುಜಾತ.

ಮೇಷ್ಟ್ರು ಹಗ್ಗದ ಗಂಟು ಬಿಟ್ಟು ಕನ್ನಡಕ ತೆಗೆದರು. ಪಂಚೆಯ ಅಂಚಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

"ಆ ಒಂದು ಗೆರೆ ಬರ್ಲಿ ಅಂತ ಇಷ್ಟು ವರ್ಷ ಆಸೆ ಪಟ್ಟೋನು ನಾನೊಬ್ನೇ ಅಂದ್ಕೊಂಡಿದ್ದೆ ಕಣ್ರಮ್ಮ. ಮೊನ್ನೆ ಜೆಲ್ ಎತ್ತಿ ನೋಡ್ತೀನಿ, ನನಗಿಂತ ಜಾಸ್ತಿ ನಿಮಗೇ ಬೇಕಾಗಿತ್ತು. ಅದನ್ನ ನಾಕು ಜನಕ್ಕೆ ತೋರಿಸ್ಬೇಕು ಅನ್ನಿಸ್ತು."

ಸುಜಾತ ಮುಖ ಮುಚ್ಚಿಕೊಂಡಳು. ನಾನು ಅಳಲಿಲ್ಲ, ನಾಲಿಗೆಯ ತುದಿಯವರೆಗೂ ಬಂದ ಒಂದು ಮಾತನ್ನು ನುಂಗಿಕೊಂಡು ನಿಂತೆ. ಹೇಳಿದ್ದರೆ ಸರ್ಕಾರ ಕೇಳುತ್ತಿತ್ತೇ? ಮೇಷ್ಟರಿಂದಲಾದರೂ ಆಗುತ್ತಿತ್ತೇ? ಆದರೂ ಹೇಳಬೇಕಿತ್ತು. ಈಗ ನಾನೂ ಮಗ್ಗೆಯ ಶಾಲೆಯಲ್ಲಿ ಮಿಸ್ಸು. ಪಾಠ ಮಾಡುತ್ತಾ ಮಾಡುತ್ತಾ ಒಮ್ಮೊಮ್ಮೆ ಸುಮ್ಮನೆ ನಿಂತುಬಿಡುತ್ತೇನೆ. ಯಾಕೆ ಮಿಸ್ ಎಂದು ಮಕ್ಕಳು ಕೇಳಿದರೆ ಏನಿಲ್ಲ ಎನ್ನುತ್ತೇನೆ. ಆ ಮಾತು ಇನ್ನೂ ಗಂಟಲಲ್ಲೇ ಇದೆ: ಇನ್ನೊಂದು ವರ್ಷ ಇರಿ, ಸರ್.